ರಾಯಚೂರಿನಿಂದ ಬಂದ ಬಿನ್ನಹ

ಜಾಲಹಳ್ಳಿಯ ಮಹಾಂತಮ್ಮನ ಮುಖ ನೋಡುವ ಮೊದಲೇ ಜನ ಅವಳ ದನಿ ಕೇಳಿರುತ್ತಿದ್ದರು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳು ಹುಟ್ಟಿ ಬೆಳೆದದ್ದು ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಆಚೆ ದಡದ ಹರಿಗೋಲಿನವನನ್ನು ಈಚೆ ದಡದಿಂದ ಕೂಗಿ ಕರೆಯಬೇಕಾದ ಊರಿನಲ್ಲಿ ಮೆತ್ತಗೆ ಮಾತಾಡುವವರು ಹೊಳೆ ದಾಟಿದ ಹಾಗೆಯೇ. ಆ ದನಿಯನ್ನು ಅವಳು ಬಳುವಳಿಯಾಗಿ ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ತಂದಳು, ಗಡಿಗೆಪ್ಪನ ಮನೆಗೆ.

ಗಡಿಗೆಪ್ಪ ಒಕ್ಕಲುತನದವನು, ಮಾತಿಗೆ ಬಡವ. ಮಹಾಂತಮ್ಮ ಒಂದು ತಾಸು ಬೈದರೆ ಅವನು ಕೊನೆಗೆ ಒಂದೇ ಮಾತು ಆಡುವನು, ಆ ಒಂದು ಮಾತು ಅವಳ ತಾಸಿನ ಬೈಗುಳವನ್ನೆಲ್ಲ ಮಣ್ಣುಪಾಲು ಮಾಡುತ್ತಿತ್ತು. "ಸಾರಿಗೆ ಉಪ್ಪು ಹೆಚ್ಚಾಗ್ಯದ" ಎಂದು ಅವನು ತಾಟು ಸರಿಸಿದರೆ ಸಾಕು, ಅವಳ ತವರಿನ ಹೊಳೆಗೆ ಮಹಾಪೂರ ಬರುತ್ತಿತ್ತು. ಆ ಮನೆಯಲ್ಲಿ ಜಗಳವೆಂದರೆ ಊಟದ ಜೊತೆಗಿನ ಉಪ್ಪಿನಕಾಯಿ, ಇಲ್ಲದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಅಕ್ಕಪಕ್ಕದವರು ಬಿಡಿಸಲು ಹೋಗುವುದನ್ನು ಎಂದೋ ಬಿಟ್ಟಿದ್ದರು.

ಎಪ್ಪತ್ತೊಂಬತ್ತನೆಯ ಇಸವಿಯ ಕಾರ ಹುಣ್ಣಿಮೆ ಕಳೆದ ಮೇಲೆ ಗಡಿಗೆಪ್ಪ ಬದಲಾದ. ಮಾವನ ಭತ್ತ ಹಾಕಿಸಲು ಮಾನ್ವಿಗೆ ಹೋಗಿದ್ದವನು ಅಲ್ಲಿ ಸೂಗಪ್ಪನ ಅಕ್ಕಿ ಗಿರಣಿಯ ಎದುರು ದಿನವೆಲ್ಲ ಕಾದು ಕೂತಿದ್ದ. ಇಂಜಿನ್ನು ಕೆಟ್ಟು ನಿಂತಿತ್ತು, ರಾಯಚೂರಿನಿಂದ ಮಿಸ್ತ್ರಿ ಬರಬೇಕಿತ್ತು. ಗಡಿಗೆಪ್ಪ ಎದ್ದು ಹೋಗಿ ಇಂಜಿನ್ನಿನ ಬೆನ್ನಿಗೆ ಒಂದು ಏಟು ಕೊಟ್ಟು, "ಎಷ್ಟೊತ್ತು ಮಲಗ್ತಿ, ಏಳಪಾ" ಎಂದ. ಸೂಗಪ್ಪನ ಆಳು ಚಕ್ರ ತಿರುಗಿಸಿದ, ಇಂಜಿನ್ನು ಎದ್ದೇಬಿಟ್ಟಿತು. ಕಾದ ಇಂಜಿನ್ನು ಅಷ್ಟರಲ್ಲಿ ತಣ್ಣಗಾಗಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದಕ್ಕೂ ಮುಂಚೆ ಕೆಲವು ದಿನಗಳಿಂದ ಗಡಿಗೆಪ್ಪ ರೆಪ್ಪೆ ಮುಚ್ಚಿಲ್ಲ ಎಂಬುದನ್ನಂತೂ ಯಾರೂ ಕೇಳಲಿಲ್ಲ.

ಊರಿಗೆ ಬಂದವನು ಮಾತಾಡತೊಡಗಿದ. ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ಕಟ್ಟೆಯೊಡೆದ ಹಾಗೆ ಹೊರಗೆ ಬಂತು. ಕೋಳಿ ಕೂಗುವ ಮುಂಚೆ ಎದ್ದು ಇಡೀ ಓಣಿ ಗುಡಿಸುವನು, ಸಿಕ್ಕವರನ್ನು ನಿಲ್ಲಿಸಿ ಜೀವ, ಶಿವ, ಕಾಯ, ಮಾಯೆ ಎನ್ನುವನು. ಹೆಗಲ ಮೇಲಿನ ಕಂಬಳಿ ಒಬ್ಬನಿಗೆ ಕೊಟ್ಟ, ತಲೆಯ ರುಮಾಲು ಇನ್ನೊಬ್ಬನಿಗೆ ಕೊಟ್ಟ. ಜೋಡೆತ್ತಿನಲ್ಲಿ ಒಂದನ್ನು ಮೇಲಿನ ಓಣಿಯವನಿಗೂ ಇನ್ನೊಂದನ್ನು ಕೆಳಗಿನ ಓಣಿಯವನಿಗೂ ದಾನ ಮಾಡಿದ. ಒಂಟಿ ಎತ್ತು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಆ ಇಬ್ಬರೂ ಕೂತಿದ್ದಾಗ ಮಹಾಂತಮ್ಮ ತನ್ನ ದನಿಯೊಂದಿಗೆ ಹೋಗಿ ಎರಡನ್ನೂ ಹೊಡೆದುಕೊಂಡು ಬಂದಳು.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಊರು ಒಂದೇ ಮಾತಿನಲ್ಲಿ ಮುಗಿಸುತ್ತಿತ್ತು: "ಧಾರವಾಡದ ಹುಚ್ಚಾಸ್ಪತ್ರಿಗೆ ಕಳಸ್ರಿ." ಆದರೆ ಗಡಿಗೆಪ್ಪನ ಬಾಯಲ್ಲಿ ಶಿವನಿದ್ದ. ಮಠದ ಶರಣಯ್ಯ ಬಂದು ನೋಡಿದ. ಈ ಶರಣಯ್ಯ ಜಂಗಮ, ಊರಿನ ಮದುವೆ ಮುಂಜಿಗಳಿಗೆಲ್ಲ ವಿಭೂತಿ ಹಚ್ಚುವವನು. ಮೋಸಗಾರನಲ್ಲ, ಪಾಪ. ಚಿಕ್ಕಂದಿನಿಂದ ಶರಣರ ಕಥೆ ಓದಿ ಓದಿ, ಒಬ್ಬ ಜೀವಂತ ಶರಣನನ್ನು ಕಣ್ಣಾರೆ ನೋಡಿ ಸಾಯಬೇಕು ಎಂಬ ಆಸೆ ಇಟ್ಟುಕೊಂಡಿದ್ದವನು. ಗಡಿಗೆಪ್ಪನ ಮಾತು ಕೇಳುತ್ತ ಅವನ ಕಣ್ಣಲ್ಲಿ ನೀರು ಬಂತು.

"ಇದು ಹುಚ್ಚಲ್ಲ. ನಿದ್ದಿ ಗೆದ್ದಾನ, ಹಸಿವಿ ಗೆದ್ದಾನ. ಇನ್ನೇನು ಬೇಕು ನಿಮಗ" ಎಂದು ಅವನು ಒಕ್ಕಲಿಗನ ಕಾಲು ಮುಟ್ಟಿದ. ಜಂಗಮನೇ ಬಾಗಿದ ಮೇಲೆ ಊರು ನಿಂತಿರುವುದುಂಟೆ? ಅಂದಿನಿಂದ ಗಡಿಗೆಪ್ಪ ಹೋಗಿ ಗಡಿಗೆಪ್ಪ ಶರಣರು ಬಂದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮೊದಲಿಗೆ ಮಹಾಂತಮ್ಮನಿಗೂ ಇದು ಚೆನ್ನಾಗಿಯೇ ಇತ್ತು. ಬಾವಿಯ ಹತ್ತಿರ ಕೊಡಕ್ಕೆ ಕೊಡ ತಾಗಿಸಿ ಜಗಳಕ್ಕೆ ಬರುತ್ತಿದ್ದ ಹೆಂಗಸರು ಈಗ ದಾರಿ ಬಿಡುತ್ತಿದ್ದರು. ಮನೆ ತುಂಬ ತೆಂಗಿನಕಾಯಿ, ಬಾಳೆಹಣ್ಣು. ಶರಣರ ಹೆಂಡತಿಯೆಂದು ಒಬ್ಬಳು ಕುಂಕುಮ ಹಚ್ಚಿ ಕಾಲಿಗೂ ಬಿದ್ದಳು, ಮಹಾಂತಮ್ಮ ಬೇಡವೆನ್ನಲಿಲ್ಲ. ನನ್ನನ್ನು ಕೇಳಿದರೆ, ಅವಳ ಜಾಗದಲ್ಲಿ ಯಾರಿದ್ದರೂ ಬೇಡವೆನ್ನುತ್ತಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ಅಂಗಳ ತುಂಬ ಭಕ್ತರು ಕೂತಿದ್ದಾಗ ಗಡಿಗೆಪ್ಪ ಅವಳತ್ತ ತಿರುಗಿ ಹೇಳಿದ:

"ತಾಯೀ, ಭಕ್ತರಿಗೆ ನೀರು ಕೊಡು."

ಸ್ವಾಮಿಗಳು ಎಲ್ಲ ಹೆಂಗಸರನ್ನೂ ತಾಯೀ ಎನ್ನುವುದು ರೂಢಿ. ಕಟ್ಟಿಕೊಂಡವಳನ್ನೂ ತಾಯಿಯಂತೆ ಕಂಡ ಎಂದು ಭಕ್ತರು ತಲೆದೂಗಿದರು. ಮಹಾಂತಮ್ಮ ನೀರು ಕೊಟ್ಟು ಒಳಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಒಲೆಯ ಮುಂದೆ ಕೂತು ಅತ್ತಳು. ಅವಳಿಗೆ ಗಂಡ ಸತ್ತಿರಲಿಲ್ಲ, ಬಿಟ್ಟು ಹೋಗಿರಲಿಲ್ಲ, ಎದುರಿಗೇ ಕೂತಿದ್ದ, ಆದರೆ ಇರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಅವಳ ಅಂಗಳದಲ್ಲೇ ಕಾಲು ಮಡಚಿ ಕೂತಿತ್ತು.

ಅಂದು ರಾತ್ರಿಯೂಟಕ್ಕೆ ಅವಳು ಬೇಕೆಂದೇ ಸಾರಿಗೆ ಬೊಗಸೆ ಉಪ್ಪು ಸುರಿದಳು. ಗಡಿಗೆಪ್ಪ ಎರಡು ಗುಟುಕು ಕುಡಿದು "ಅಮೃತ" ಎಂದ, ಉಳಿದದ್ದನ್ನು ಹಾಗೇ ಬಿಟ್ಟು ಎದ್ದು ಮಾತಿಗೆ ನಿಂತ. ಅವಳಿಗೆ ಖಾತ್ರಿಯಾಯಿತು. ಇದು ದೇವರಿರಬಹುದು, ಇಲ್ಲದಿರಬಹುದು, ತನ್ನ ಗಂಡನಂತೂ ಅಲ್ಲ.

ಶ್ರಾವಣ ಬಂತು. ಮಠದಲ್ಲಿ ಪುರಾಣ ಶುರುವಾಯಿತು, ಗಡಿಗೆಪ್ಪನಿಗೆ ಎತ್ತರದ ಪೀಠ ಹಾಕಿದರು. ಒಂದು ದಿನ ಅವನು ಪುರಾಣದ ನಡುವೆಯೇ ಎದ್ದು ನಿಂತು, ಬರುವ ನೂಲ ಹುಣ್ಣಿಮೆಗೆ ಕೃಷ್ಣಾ ಹೊಳೆಯ ನೀರಿನ ಮೇಲೆ ನಡೆದು ಆಚೆ ದಡಕ್ಕೆ ಹೋಗುತ್ತೇನೆಂದು ಸಾರಿದ. ಸುದ್ದಿ ದೇವದುರ್ಗ ದಾಟಿ ಮಾನ್ವಿ ಮುಟ್ಟಿತು. ಇಂಜಿನ್ನಿನ ಉಪಕಾರ ಮರೆಯದ ಗಿರಣಿ ಸೂಗಪ್ಪ, ಜನರನ್ನು ಕರೆತರಲು ಲಾರಿ ಕಳಿಸುತ್ತೇನೆಂದ. ಶ್ರಾವಣದ ಕೃಷ್ಣೆ ಹೇಗಿರುತ್ತಾಳೆಂದು ಬಲ್ಲವರೂ ಅವಲಕ್ಕಿ ಕಟ್ಟಿಕೊಳ್ಳುವ ಮಾತಾಡಿದರೇ ಹೊರತು ಅವನನ್ನು ತಡೆಯುವ ಮಾತಾಡಲಿಲ್ಲ.

ಹೊಳೆಯ ಊರಿನ ಮಗಳಿಗೆ ನೀರು ಎಂದರೇನೆಂದು ಗೊತ್ತಿತ್ತು. ಅವಳು ಶರಣಯ್ಯನ ಮುಂದೆ ಹೋಗಿ ನಿಂತಳು.

"ಅಯ್ಯನವರ, ಅವರಿಗೆ ಈಜು ಬರಂಗಿಲ್ರಿ."

"ನಡದು ಹೋಗೋರಿಗೆ ಈಜು ಯಾಕ ಬೇಕವ್ವಾ" ಎಂದ ಶರಣಯ್ಯ, ಸಮಾಧಾನದ ದನಿಯಲ್ಲಿ. ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಅದೇ ದೊಡ್ಡ ಕಷ್ಟವಾಗಿತ್ತು.

ಆ ವಾರವೇ ಶರಣರ ಪೀಠಕ್ಕೆ ಹೊಸ ಗಾದಿ ತುಂಬಲು ಅಮೀರ್ ಸಾಬ್ ಬಂದ. ಬಸ್ ನಿಲ್ದಾಣದ ಹತ್ತಿರ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವವನು. ಗಡಿಗೆಪ್ಪನ ಮನೆಗೂ ಅವನು ಮೊದಲೇ ಒಂದು ಗಾದಿ ಹೊಲಿದು ಕೊಟ್ಟಿದ್ದ. ಅದನ್ನು ಕೈಯಿಂದ ಒತ್ತಿ ನೋಡಿ ಮಹಾಂತಮ್ಮನನ್ನು ಕೇಳಿದ:

"ಅಕ್ಕಾ, ಇದರ ಮ್ಯಾಲ ಯಾರೂ ಮಲಗೇ ಇಲ್ಲ. ಅಪ್ಪಾರು ಎಲ್ಲಿ ಮಲಗ್ತಾರ?"

"ಮಲಗಂಗಿಲ್ಲ ಅಮೀರಣ್ಣಾ" ಎಂದಳು ಅವಳು. ಅಷ್ಟು ಜನ ಪಾದ ಮುಟ್ಟಿಹೋದರೂ ಈ ಪ್ರಶ್ನೆ ಕೇಳಿದವನು ಇವನೊಬ್ಬನೇ.

ಅಮೀರ್ ಸಾಬ್ ಹೆಚ್ಚು ಮಾತಾಡದೆ, ಸಂಜೆ ನಮ್ಮ ಮನೆಯವಳನ್ನು ಬಂದು ನೋಡು ಎಂದ. ಅವನ ಹೆಂಡತಿ ಹೀರಾಬಿ ಚಹಾ ಮಾಡಿ ಕೊಟ್ಟು, ಬಾಗಿಲು ಮುಂದೆ ಮಾಡಿ, ತನ್ನ ಕಥೆ ಹೇಳಿದಳು. ಮಗ ಹುಟ್ಟಿದ ಮೇಲೆ ಅವಳಿಗೂ ನಿದ್ದೆ ಹಾರಿಹೋಗಿತ್ತು. ಕಾರಣವಿಲ್ಲದೆ ನಗುವಳು, ಹಾಡುವಳು, ತಾನು ಹೈದರಾಬಾದಿನ ನವಾಬನ ಮಗಳು ಎನ್ನುವಳು. ಶೈತಾನ ಮೆಟ್ಟಿಕೊಂಡಿದೆ ಎಂದು ಜನ ತೀರ್ಮಾನಿಸಿದರು. ತಾಯಿತ ಕಟ್ಟಿದರು, ದರ್ಗಾಕ್ಕೆ ಕರೆದೊಯ್ದರು, ಯಾರೋ ಮಂತ್ರದವನು ಮುಖಕ್ಕೆ ಮೆಣಸಿನಕಾಯಿ ಹೊಗೆ ಹಿಡಿದ. ಕೊನೆಗೆ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಹೊಸದಾಗಿ ಬಂದಿದ್ದ ಡಾಕ್ಟರ್ ಅಲ್ಲಾಉದ್ದೀನರ ಹತ್ತಿರ ಹೋದರು. ಹೈದರಾಬಾದಿನಲ್ಲಿ ಮನಸ್ಸಿನ ಬೇನೆಯನ್ನೇ ಓದಿ ಬಂದವರು.

"ದರ್ಗಾದಾಗ ಜೀವಕ್ಕ ಸಮಾಧಾನ ಆತಕ್ಕಾ, ಸುಳ್ಳು ಹೇಳಂಗಿಲ್ಲ. ನಿದ್ದಿ ಮಾತ್ರ ಗುಳಿಗಿ ನುಂಗಿದ ಮ್ಯಾಲೇ ಬಂತು" ಎಂದಳು ಹೀರಾಬಿ. ಆಮೇಲೆ ಕಿಸಕ್ಕನೆ ನಕ್ಕಳು. "ನೋಡು, ಹೆಂಗಸಿಗೆ ಬಂದ್ರ ಶೈತಾನ, ಗಂಡಸಿಗೆ ಬಂದ್ರ ಶರಣ. ನಿಮ್ಮನಿಯವರ ಪಾದ ತೊಳದ್ರು, ನನಗ ಮೆಣಸಿನಕಾಯಿ ಹೊಗಿ ಹಾಕಿದ್ರು. ಬ್ಯಾನಿ ಅದೇ ಅನಸ್ತದ ನನಗ."

ಮಹಾಂತಮ್ಮ ಎಷ್ಟೋ ದಿನಗಳ ಮೇಲೆ ನಕ್ಕಳು. ನಕ್ಕಮೇಲೆ ಯೋಚನೆಗೆ ಬಿದ್ದಳು. ಶೈತಾನ ಹಿಡಿದವರನ್ನು ಎತ್ತಿಕೊಂಡು ಹೋಗಬಹುದು. ದೇವರನ್ನು ದವಾಖಾನೆಗೆ ಒಯ್ಯುವುದು ಹೇಗೆ? ದವಾಖಾನೆ ಎಂದರೆ ಗಂಡ ಬರುವುದಿಲ್ಲ, ಊರು ಬಿಡುವುದಿಲ್ಲ. ಹುಚ್ಚು ಬಿಡುವತನಕ ಮದುವೆಯಾಗದು, ಮದುವೆಯಾಗುವತನಕ ಹುಚ್ಚು ಬಿಡದು ಎಂಬ ಗಾದೆಗಾದರೂ ಮದುವೆ ಎಂಬ ಒಂದು ದಾರಿಯಿದೆ, ಇವಳದು ಮದುವೆಯಾಗಿ ಎಷ್ಟೋ ವರ್ಷವಾಗಿತ್ತು. ಮರುದಿನ ರೊಟ್ಟಿ ಬಡಿಯುತ್ತಿದ್ದಾಗ ಅವಳ ಕೈ ತಟ್ಟನೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಅವಳು ಆಗಲೇ ಅಮೀರ್ ಸಾಬನ ಅಂಗಡಿಯ ಹಾದಿಯಲ್ಲಿದ್ದಳು.

"ಬಿನ್ನ ಹೇಳಿಸಬೇಕು ಅಮೀರಣ್ಣಾ. ರಾಯಚೂರಿನಿಂದ."

ಭಕ್ತನೊಬ್ಬ ಸ್ವಾಮಿಗಳನ್ನು ಪಾದಪೂಜೆಗೂ ಊಟಕ್ಕೂ ತನ್ನ ಮನೆಗೆ ಕರೆಯುವುದಕ್ಕೆ ಆ ಸೀಮೆಯಲ್ಲಿ ಬಿನ್ನಹ, ಆಡುಮಾತಿನಲ್ಲಿ ಬಿನ್ನ, ಎನ್ನುತ್ತಾರೆ. ಎಲೆ, ಅಡಿಕೆ, ಕಾಯಿ ಇಟ್ಟು ಬಿನ್ನಹ ಹೇಳಿದರೆ ಸ್ವಾಮಿಯಾದವನು ಬರುವುದಿಲ್ಲ ಎನ್ನುವ ಹಾಗಿಲ್ಲ. ಕರೆದವನ ಜಾತಿ ಮತ ಕೇಳುವ ಹಾಗೂ ಇಲ್ಲ.

ಅಮೀರ್ ಸಾಬ್ ಹೆದರಿದ. "ಸುಳ್ಳು ಹೇಳಿ ಶರಣರನ್ನ ಕರಕೊಂಡು ಹೋದ ಅಂತ ಗೊತ್ತಾದ್ರ ಈ ಊರಾಗ ನನ್ನ ಗಾದಿ ಮ್ಯಾಲ ನಾಯಿ ಸೈತ ಮಲಗಂಗಿಲ್ಲಕ್ಕಾ."

"ಸುಳ್ಳು ಯಾಕ? ಡಾಕ್ಟರ್ ಸಾಹೇಬ್ರು ಖರೇನೇ ಕರೀಲಿ."

ಹೀರಾಬಿ ಒಳಗಿನಿಂದ ಗಂಡನ ಟೊಪ್ಪಿಗೆ ತಂದು ಕೈಗಿಟ್ಟಳು, ಆ ಮನೆಯಲ್ಲಿ ಅಪ್ಪಣೆಯೆಂದರೆ ಅದು. ಅಮೀರ್ ಸಾಬ್ ರಾಯಚೂರಿಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದ. ಡಾಕ್ಟರ್ ಅಲ್ಲಾಉದ್ದೀನ್ ಮೊದಲು ನಕ್ಕರು, ಹೊಳೆಯ ಮಾತು ಬಂದಾಗ ನಗು ನಿಲ್ಲಿಸಿದರು. "ಮನಿಗೆ ಬರೋ ಮೆಹಮಾನರ ಕಾಲಿಗೆ ನೀರು ಕೊಡೋದು ನಮ್ಮಲ್ಲೂ ಅದ, ಕರಕೊಂಡು ಬಾ. ಆದರ ಕದ್ದು ಔಷಧ ಕೊಡೋದಿಲ್ಲ ನಾನು. ಏನು ಕೊಡ್ತೀನಿ ಅಂತ ಅವರಿಗೆ ಹೇಳಿಯೇ ಕೊಡೋದು" ಎಂದರು.

ಹುಣ್ಣಿಮೆಗೆ ಇನ್ನು ಸ್ವಲ್ಪ ದಿನವಿರುವಾಗ ಅಮೀರ್ ಸಾಬ್ ಮಠದಲ್ಲಿ ತುಂಬಿದ ಸಭೆಯ ನಡುವೆ ಎಲೆ, ಅಡಿಕೆ, ಕಾಯಿ ಇಟ್ಟು ಕೈಮುಗಿದ.

"ಯಪ್ಪಾ, ರಾಯಚೂರಿನ ಡಾಕ್ಟರ್ ಅಲ್ಲಾಉದ್ದೀನ್ ಸಾಹೇಬ್ರು ನಿಮ್ಮ ಪಾದ ಅವರ ಮನಿಗೆ ಬರಬೇಕಂತ ಬಿನ್ನ ಹೇಳಿ ಕಳಸ್ಯಾರ."

ಗಡಿಗೆಪ್ಪ ಆಗಲೇ ಎದ್ದು ನಿಂತಿದ್ದ. ಅವನಿಗೆ ಆ ದಿನಗಳಲ್ಲಿ ಎಲ್ಲಿಗೆ ಕರೆದರೂ ಅದು ತಡವಾಗಿ ಬಂದ ಕರೆಯೇ. ಶರಣಯ್ಯನ ಸಂತೋಷ ಕೇಳಬೇಡಿ, ಶರಣರ ಕೀರ್ತಿ ಓದಿದ ಡಾಕ್ಟರರ ತನಕ ಹೋಯಿತಲ್ಲ. ಮಹಾಂತಮ್ಮ ಕಂಬದ ಮರೆಯಲ್ಲಿ ನಿಂತು ಮನಸ್ಸಿನಲ್ಲೇ ಬಸ್ಸಿನ ಸೀಟು ಎಣಿಸುತ್ತಿದ್ದಳು: ತಾನು, ಗಂಡ, ಅಮೀರಣ್ಣ.

"ಶರಣರು ಒಬ್ಬರೇ ಹೋಗೋದು ಹೆಂಗ?" ಎಂದ ಶರಣಯ್ಯ. "ನಾವೆಲ್ಲಾ ಹೋಗೂನು, ಭಜನಿ ಮಾಡಕೋತ."

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಸೂಗಪ್ಪನ ಲಾರಿ ಹುಣ್ಣಿಮೆಗೆ ಮುಂಚೆಯೇ ಬಂತು. ತಾಳ, ದಮ್ಮಡಿ, ಹಾರ್ಮೋನಿಯಂ ಸಮೇತ ಅರ್ಧ ಊರು ಹತ್ತಿತು. ರಾಯಚೂರಿನ ತೀನ್ ಕಂದೀಲಿನ ಹತ್ತಿರ ಲಾರಿಯಿಳಿದ ಮೆರವಣಿಗೆ ಇಕ್ಕಟ್ಟಿನ ಗಲ್ಲಿಯಲ್ಲಿ ಹಾಡುತ್ತ ನುಗ್ಗಿತು. ಡಾಕ್ಟರರ ಮನೆಯ ಮುಂದಿನ ಕೋಣೆಯಲ್ಲಿ ಹತ್ತಾರು ರೋಗಿಗಳು ಕೂತಿದ್ದರು. ಮನಸ್ಸಿನ ಡಾಕ್ಟರರ ಹತ್ತಿರ ಹೋದರೆಂದು ತಿಳಿದರೆ ಮನೆಯ ಮಕ್ಕಳಿಗೆ ಮದುವೆಯಾಗುವುದಿಲ್ಲ ಎಂಬ ಅಂಜಿಕೆಯಿಂದ ಎಲ್ಲರೂ ಸೆರಗು, ರುಮಾಲು ಮುಖಕ್ಕೆಳೆದು ಕೂತವರೇ. ಮೆರವಣಿಗೆ ನೋಡಿ ಅವರು ದಿಕ್ಕಾಪಾಲಾಗಿ ಎದ್ದರು. ದಮ್ಮಡಿ ಬಾರಿಸುತ್ತಿದ್ದ ಕನಕಪ್ಪ, ಗೋಡೆಗೆ ಮುಖ ಮಾಡಿ ನಿಂತ ಒಬ್ಬನ ಬೆನ್ನು ಗುರುತು ಹಿಡಿದ. ಅದು ಕಣ್ಣು ತೋರಿಸಿಕೊಳ್ಳಲು ಹೈದರಾಬಾದಿಗೆ ಹೋಗಿದ್ದೇನೆಂದು ಹೇಳಿದ್ದ ಅವನ ಭಾವನ ಬೆನ್ನು.

ಡಾಕ್ಟರ್ ಅಲ್ಲಾಉದ್ದೀನ್ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ ನಿಂತು, ಆಮೇಲೆ ಕೋಟು ತೆಗೆದಿಟ್ಟು, ಹಿತ್ತಾಳೆ ತಟ್ಟೆಯಲ್ಲಿ ಗಡಿಗೆಪ್ಪನ ಪಾದ ತೊಳೆದರು. ಸೀಳು ಬಿಟ್ಟ ಹಿಮ್ಮಡಿ, ಎಲುಬು ಕಾಣುವ ಕಣಕಾಲು ನೋಡಿದರು. ಶರಣರು, ಅವರ ಮನೆಯವರು ಒಳಗೆ ಬರಬೇಕೆಂದು ಕೇಳಿಕೊಂಡರು. ಶರಣಯ್ಯ ಕೇಳದೆಯೇ ಬಂದ.

ಒಳಗೆ ಕೂತ ಮೇಲೆ ಡಾಕ್ಟರ್ ಕೈಮುಗಿದು ನೇರವಾಗಿ ಹೇಳಿದರು. "ಅಪ್ಪಾವರೇ, ನಾನು ಡಾಕ್ಟರ್. ನಿಮ್ಮನ್ನ ಗೌರವದಿಂದ ಕರಸೀನಿ, ಆದರ ಪೂಜಿಗೆ ಮಾತ್ರ ಅಲ್ಲ. ನಿಮಗ ನಿದ್ದಿ ಇಲ್ಲ, ಊಟ ಇಲ್ಲ, ಹಿಂಗೇ ಆದ್ರ ದೇಹ ಉಳಿಯೋದಿಲ್ಲ. ಇದು ಬ್ಯಾನಿ. ಇದಕ್ಕ ಔಷಧ ಅದ."

ಗಡಿಗೆಪ್ಪ ಗಹಗಹಿಸಿ ನಕ್ಕ. "ಲೋಕದ ಬ್ಯಾನಿಗೇ ಔಷಧ ನಾನು. ನನಗ ನೀ ಔಷಧ ಕೊಡ್ತೀಯೇನಪಾ" ಎಂದು ಎದ್ದ. ಶರಣಯ್ಯನ ಮುಖ ಕೆಂಪಾಯಿತು, ಅವನೂ ಎದ್ದ. ಹೊರಗೆ ಒಂದು ಮಾತು ಹೋದರೆ ಸಾಕು, ಲಾರಿ ತಿರುಗಿ ಊರಿಗೆ, ಅಲ್ಲಿಂದ ಹೊಳೆಗೆ.

ಮಹಾಂತಮ್ಮ ಬಾಗಿಲಿಗೆ ಅಡ್ಡ ನಿಂತಳು. ಕೂಗಬೇಕೆಂದು ಬಾಯಿ ತೆರೆದಳು. ಆದರೆ ಜನ್ಮದಲ್ಲಿ ಮೊದಲ ಸಲ ಅವಳ ದನಿ ಮೆತ್ತಗೆ ಬಂತು.

"ನೀವು ಹೊಳಿಗೆ ಅಂಜೋ ಮನುಷ್ಯರು. ಮದುವಿ ಆದ ವರ್ಷ ನಮ್ಮೂರ ಹರಿಗೋಲಿನಾಗ ಕಣ್ಣು ಮುಚ್ಚಿ ನನ್ನ ಸೆರಗು ಹಿಡಕೊಂಡು ಕುಂತಿದ್ರಿ. ದಡಕ್ಕ ಬರೋತನಕ ಬಿಡಲಿಲ್ಲ. ಊರ ಹೆಂಗಸರೆಲ್ಲಾ ನಕ್ಕರು, ನಾನೂ ನಕ್ಕೆ." ಅವಳು ಕೈಚಾಚಿ ಅವನ ಧೋತರದ ಅಂಚು ಹಿಡಿದಳು. "ಇವತ್ತು ನನಗ ಅಂಜಿಕಿ ಆಗ್ಯದ. ನಗೂದಿದ್ರ ನೀವೂ ನಗ್ರಿ. ಆದರ ನಾ ಬಿಡಂಗಿಲ್ಲ. ನಾ ನಿಮ್ಮ ತಾಯಿ ಅಲ್ಲ."

ಗಡಿಗೆಪ್ಪ ನಗಲಿಲ್ಲ. ಎರಡು ತಿಂಗಳಿಂದ ನಿಲ್ಲದ ಅವನ ಮಾತು ನಿಂತುಹೋಗಿತ್ತು. ಅವನು ಇದ್ದಲ್ಲೇ ಕುಸಿದು ಕೂತ.

"ಮಾಂತಿ, ನಿದ್ದಿ ಬರವಲ್ದು. ತಲಿಯಾಗ ಗಿರಣಿ ನಡದಂಗ ಅದ. ಬಂದ್ ಮಾಡಾಕ ಬರವಲ್ದು ನನಗ."

ಅವಳ ಹೆಸರು ಅವನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ಡಾಕ್ಟರ್ ಗುಳಿಗೆ, ನೀರು ಮುಂದೆ ಹಿಡಿದರು. ಆದರೆ ಅದನ್ನು ನೋಡಿದ್ದೇ ಅವನ ಹುಬ್ಬು ಮತ್ತೆ ಗಂಟಾಯಿತು, ಕೈ ಹಿಂದಕ್ಕೆ ಹೋಯಿತು. ಆಗ ಯಾರೂ ಎಣಿಸದವನು ಬಾಯಿ ಬಿಟ್ಟ. ಶರಣಯ್ಯ ಕಣ್ಣೊರೆಸಿಕೊಳ್ಳುತ್ತಿದ್ದ. ಇಷ್ಟು ದಿನ ತಾನು ಪಾದ ಮುಟ್ಟಿದ್ದೆನೇ ಹೊರತು ಮುಖ ನೋಡಿರಲಿಲ್ಲ ಎಂದು ಅವನಿಗೆ ಆ ಗಳಿಗೆಯಲ್ಲಿ ತಿಳಿದಿತ್ತು.

"ಯಪ್ಪಾ, ಬಿನ್ನಕ್ಕ ಬಂದೀರಿ. ಬಿನ್ನದಾಗ ಕೊಟ್ಟದ್ದು ಪ್ರಸಾದ. ಬ್ಯಾಡ ಅನ್ನಬಾರದು."

ಗಡಿಗೆಪ್ಪ ಗುಳಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ನುಂಗಿದ. ಸಂಜೆಯ ಹೊತ್ತಿಗೆ ಡಾಕ್ಟರರ ಹಿತ್ತಿಲ ಕೋಣೆಯಲ್ಲಿ ಅವನ ಗೊರಕೆ ಕೇಳಿಸಿತು. ಮಹಾಂತಮ್ಮ ಬಾಗಿಲ ಹೊರಗೆ ಕೂತು ಅದನ್ನು ಹಾಡು ಕೇಳಿದ ಹಾಗೆ ಕೇಳಿದಳು.

ಹೊರಗಿನವರಿಗೆ ಶರಣರು ಯೋಗನಿದ್ರೆಗೆ ಹೋಗಿದ್ದಾರೆಂದು ತಿಳಿಸಲಾಯಿತು. ಹಾಗೆ ಹೇಳಿದವನು ಶರಣಯ್ಯನೇ, ಅವನು ಅದನ್ನು ಅರ್ಧ ನಂಬಿಯೂ ಇದ್ದ. ಭಜನೆಯವರು ತಾಳಗಳನ್ನು ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಕೂತರು. ಶರಣರು ಸ್ವೀಕರಿಸಿದ ಪ್ರಸಾದ ನಮಗೂ ಒಂದೊಂದು ಬೇಕು ಎಂದು ಕೆಲವರು ಸಾಲು ನಿಂತಾಗ ಡಾಕ್ಟರರ ಮನೆಯವರು ಸಕ್ಕರೆ ಹಂಚಿ ಪಾರಾದರು. ಕನಕಪ್ಪ ಮಾತ್ರ ಮೂಲೆಯಲ್ಲಿ ತನ್ನ ಭಾವನ ಪಕ್ಕ ಕೂತು, ಅವನ ಕೈ ಹಿಡಿದುಕೊಂಡು, ನಿದ್ದೆ ಬರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದ.

ನೂಲ ಹುಣ್ಣಿಮೆಯ ದಿನ ಸುದ್ದಿ ಮುಟ್ಟದ ಜನ ಕೃಷ್ಣೆಯ ದಂಡೆಗೆ ಬಂದರು. ಕೆಂಪು ನೀರು ದಡ ಕೊಚ್ಚುತ್ತ ಹರಿಯುವುದನ್ನು ನೋಡಿದರು, ಕಟ್ಟಿ ತಂದ ಅವಲಕ್ಕಿ ತಿಂದರು, ಮನೆಗೆ ಹೋದರು. ಅದೇ ದಿನ ರಾಯಚೂರಿನಲ್ಲಿ ಗಡಿಗೆಪ್ಪ ಎದ್ದು ಕೂತು ಹಸಿವಾಗಿದೆ ಎಂದ. ರೊಟ್ಟಿ, ಪುಂಡಿಪಲ್ಯ, ಸಾರು ಬಡಿಸಿದರೆ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದ.

"ಇದೆಂಥಾ ಸಾರು, ಉಪ್ಪೇ ಇಲ್ಲ."

"ಡಾಕ್ಟರ್ ಸಾಹೇಬ್ರ ಮನಿಯಾಗ ಕುಂತು ಅವರ ಸಾರಿಗೇ ಹೆಸರಿಡ್ತೀರಿ, ನಾಚಿಗಿ ಆಗಂಗಿಲ್ಲೇನು ನಿಮಗ" ಎಂದು ಶುರುವಾದ ಮಹಾಂತಮ್ಮನ ದನಿ ತೀನ್ ಕಂದೀಲಿನ ತನಕ ಕೇಳಿಸಿರಬೇಕು. ಬೈಯುತ್ತ ಬೈಯುತ್ತ ಅವಳಿಗೆ ಅಳು ಬಂತು, ಅಳುತ್ತಲೇ ಉಪ್ಪು ತರಲು ಓಡಿದಳು.

ಎಲ್ಲವೂ ಒಂದೇ ಏಟಿಗೆ ಸರಿಯಾಯಿತು ಎಂದು ಹೇಳಿದರೆ ಸುಳ್ಳಾದೀತು. ಕೆಲವು ವಾರ ರಾಯಚೂರಿನಲ್ಲೇ ಉಳಿಯಬೇಕಾಯಿತು. ಗುಳಿಗೆ ಬಿಡಬಾರದು, ನೀರು ಚೆನ್ನಾಗಿ ಕುಡಿಯಬೇಕು, ವ್ರತವೆಂದು ಉಪ್ಪು ಬಿಡಬಾರದು, ಆಗಾಗ ಬಂದು ರಕ್ತ ತೋರಿಸಬೇಕು ಎಂದು ಡಾಕ್ಟರ್ ಹೇಳಿ ಕಳಿಸಿದರು. ಮತ್ತೆ ಬಂದರೂ ಬರಬಹುದು, ಬಂದರೆ ತಡಮಾಡಬೇಡಿ ಎಂದೂ ಹೇಳಿದರು.

ಊರಿಗೆ ಮರಳಿದಾಗ ಜನರಿಗೆ ಬೇಸರವಾದದ್ದು ನಿಜ. ಮನೆಬಾಗಿಲಿಗೆ ಬಂದಿದ್ದ ದೇವರು ಮತ್ತೆ ಎತ್ತಿಗೆ ಮೇವು ಹಾಕತೊಡಗಿದರೆ ಯಾರಿಗೆ ತಾನೇ ಬೇಸರವಾಗದು. ಶರಣಯ್ಯ ಅದಕ್ಕೂ ಒಂದು ದಾರಿ ಹುಡುಕಿದ. ಹೆಂಡತಿಯ ಭಕ್ತಿಗೆ ಮೆಚ್ಚಿ ಶರಣರು ಸಂಸಾರಕ್ಕೆ ಮರಳಿದರು ಎಂದು ಮಠದ ಸಭೆಯಲ್ಲಿ ಸಾರಿದ. ಮಹಾಂತಮ್ಮ ವಾದಕ್ಕೆ ಹೋಗಲಿಲ್ಲ. ದೇವರು ಬಂದಿದ್ದರೆ ಬಂದಿರಲಿ, ಈಗ ನಿದ್ದೆ ಬರುತ್ತಿದೆಯಲ್ಲ ಎನ್ನುವುದು ಅವಳ ಮತ. ಗಡಿಗೆಪ್ಪ ಮಾತ್ರ ಒಮ್ಮೊಮ್ಮೆ ಕಟ್ಟೆಯ ಮೇಲೆ ಸುಮ್ಮನೆ ಕೂತು, "ಆವಾಗ ಎಲ್ಲಾರೂ ಕಾಲಿಗೆ ಬೀಳ್ತಿದ್ರು. ಈಗ ಎತ್ತು ಸೈತ ನನ್ನ ಮಾತು ಕೇಳಂಗಿಲ್ಲ" ಎನ್ನುವನು. ಆ ಮಾತಿನಲ್ಲಿ ಒಂದು ಸಣ್ಣ ನೋವಿತ್ತು. ಅವಳು ಅದಕ್ಕೆ ಬೈಯುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಎಲೆ ಮಡಿಚಿ ಕೊಡುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ಒಂದು ಹೊಸ ರೂಢಿ ಬೆಳೆಯಿತು. ಮೊದಲು ಬಂದವನು ಕನಕಪ್ಪ, ತನ್ನ ಭಾವನ ಔಷಧದ ಸಲುವಾಗಿ. ಆಮೇಲೆ ಯಾರದೋ ಸೊಸೆ ಮುಸ್ಸಂಜೆಯಲ್ಲಿ ಹುಣಸೆಗಿಡದ ಕೆಳಗೆ ಹೋಗಿಬಂದ ಮೇಲೆ ಮಾತು ಬಿಟ್ಟಳೆಂದು ಬಂದರು, ಯಾರದೋ ಮಗ ಕೈ ತೊಳೆದು ತೊಳೆದು ಚರ್ಮ ಸುಲಿದುಕೊಂಡನೆಂದು ಬಂದರು. ಹುಚ್ಚು ಎನ್ನುವ ಶಬ್ದವನ್ನು ಯಾರೂ ಬಾಯಿಂದ ತೆಗೆಯರು. ಮಹಾಂತಮ್ಮನ ಮನೆಗೆ ಬಂದು, ಆಚೆ ಈಚೆ ನೋಡಿ, ತಗ್ಗಿದ ದನಿಯಲ್ಲಿ, "ಯವ್ವಾ, ನಮ್ಮ ತಂಗಿಗೊಂದು ರಾಯಚೂರಿನಿಂದ ಬಿನ್ನ ಬರಸ್ರಿ" ಎನ್ನುವರು. ಮಹಾಂತಮ್ಮನೂ ಹೀರಾಬಿಯೂ ಜೊತೆಗೆ ಬಸ್ಸು ಹತ್ತುವರು. ದಾರಿಯುದ್ದಕ್ಕೂ ಆ ಇಬ್ಬರ ಹರಟೆ ಕೇಳಿ, ಹೆದರಿ ಕೂತ ರೋಗಿ ದೇವದುರ್ಗ ದಾಟುವಷ್ಟರಲ್ಲಿ ನಕ್ಕದ್ದೂ ಉಂಟು.

ಎಂಬತ್ತಾರನೆಯ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಹಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಡಿಗೆಪ್ಪ ಒಳಗೆ ಬಂದು ಒಲೆಯ ಹತ್ತಿರ ಕೂತ. ಕಣ್ಣು ಹೊಳೆಯುತ್ತಿದ್ದವು. ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ಅವಳ ಹಿಟ್ಟಿನ ಕೈ ಹಾಗೆಯೇ ನಿಂತಿತು. ಅವನು ಏನು ಸಾರುತ್ತಾನೋ ಎಂದು ಅವಳು ಅವನ ಬಾಯಿ ನೋಡಿದಳು.

"ಮಾಂತಿ, ಎರಡು ದಿನ ಆತು, ನಿದ್ದಿ ಬರವಲ್ದು" ಎಂದ ಗಡಿಗೆಪ್ಪ. "ನನಗ ಭಾಳ ಚೊಲೋ ಅನಸಾಕತ್ತದ. ಭಾಳಂದ್ರ ಭಾಳ ಚೊಲೋ. ಹೊಳಿ ಸಣ್ಣದು ಕಾಣಾಕತ್ತದ ನನಗ." ಅವನು ಎರಡೂ ಕೈಯಿಂದ ಕುಣಿಯುವ ಮೊಣಕಾಲು ಹಿಡಿದುಕೊಂಡ. "ಏಳು, ಹೊತ್ತಾಗೋದರಾಗ ರಾಯಚೂರಿಗೆ ಹೋಗೂನು."

ಮಹಾಂತಮ್ಮ ಹಂಚು ಇಳಿಸಿದಳು. ಕೈ ತೊಳೆದಳು. ಇಂಥ ಮಾತು ಕೇಳಿ ಯಾವ ಹೆಂಡತಿಯಾದರೂ ಹೆದರಬೇಕು, ಅವಳಿಗೆ ಮಾತ್ರ ಮದುವೆಯ ದಿನವೂ ಆಗದಷ್ಟು ಸಂತೋಷವಾಯಿತು. ಬಸ್ ನಿಲ್ದಾಣದಲ್ಲಿ ಶರಣಯ್ಯ ಇವರಿಬ್ಬರನ್ನು ದೂರದಿಂದ ನೋಡಿ, ಏನನ್ನೂ ಕೇಳದೆ, ಹೊರಟ ಬಸ್ಸಿಗೆ ಅಡ್ಡ ನಿಂತು ಕೈಮಾಡಿ ನಿಲ್ಲಿಸಿದ. ಕಿಟಕಿಯ ಸೀಟಿಗೆ ಇಬ್ಬರೂ ಜಗಳಕ್ಕೆ ಬಿದ್ದರು, ಕೊನೆಗೆ ಅವಳೇ ಬಿಟ್ಟುಕೊಟ್ಟಳು.